ಗೋಡೆಯ ಚೂರಿಗೊಂದು ಬಾಣದ ಗುರುತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯಲ್ಲಿ ಹಾಲಿನ ಗಾಡಿ ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ. ಮೂರಂತಸ್ತಿನ ಹಳೆಯ ಕಟ್ಟಡದ ಹಿಂಬಾಗಿಲಿನಿಂದ ಒಳಗೆ ಹೋದರೆ ನೆಲಮಹಡಿಯ ಕೊನೆಯ ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ದೀಪದ ಕೆಳಗೆ ದಪ್ಪನೆಯ ಗಾಜಿನ ಹಲಗೆ, ಅದರ ಮೇಲೆ ಬೂದುಬಣ್ಣದ ಪುಡಿಯನ್ನು ಎಣ್ಣೆಯಲ್ಲಿ ಕಲಸಿದ ರಾಡಿ. ಐವತ್ತು ದಾಟಿದ ಹೆಂಗಸೊಬ್ಬರು ಸಣ್ಣದೊಂದು ಗಾಜಿನ ಪಟ್ಟಿಯನ್ನು ಆ ರಾಡಿಯ ಮೇಲೆ ಬೋರಲು ಹಾಕಿ, ಎರಡೇ ಬೆರಳಿನಲ್ಲಿ ಒತ್ತಿ, ಸುತ್ತಿ ಸುತ್ತಿ ಉಜ್ಜುತ್ತಿದ್ದಾರೆ. ತಲೆ ಒಂದು ಕಡೆಗೆ ವಾಲಿದೆ. ಕಣ್ಣು ಮುಚ್ಚಿದೆ.

"ಮಾತಾಡ್ಬೇಡಿ, ಸದ್ದು ಕೇಳ್ಬೇಕು" ಎಂದು ಮೊದಲೇ ಹೇಳಿ ನನ್ನನ್ನು ಕಾಲು ಅಲ್ಲಾಡುವ ಸ್ಟೂಲಿನ ಮೇಲೆ ಕೂರಿಸಿದ್ದಾರೆ. ಜನರನ್ನು ಮಾತಾಡಿಸುವುದೇ ಹೊಟ್ಟೆಪಾಡಾದ ನನ್ನಂಥವನಿಗೆ ಇದು ಕಠಿಣ ಶಿಕ್ಷೆ. ಆದರೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ. ಮೊದಲು ಕರಕರ ಎನ್ನುತ್ತಿದ್ದ ಸದ್ದು ಬರಬರುತ್ತ ಸರಸರ ಆಗುತ್ತದೆ. ಆಮೇಲೆ ನನ್ನ ಕಿವಿಗೆ ಏನೂ ಕೇಳಿಸುವುದಿಲ್ಲ. ಅವರಿಗೆ ಮಾತ್ರ ಇನ್ನೂ ಕೇಳಿಸುತ್ತಿರಬೇಕು, ಕೈ ನಿಂತಿಲ್ಲ.

ಇಷ್ಟು ಬೇಗ ಬರುವುದು ಯಾಕೆಂದರೆ ಪಕ್ಕದಲ್ಲಿ ಲಾಂಡ್ರಿ ಇದೆ. ಅದರ ದೊಡ್ಡ ಯಂತ್ರಗಳು ತಿರುಗತೊಡಗಿದರೆ ಈ ಕೋಣೆಯ ನೆಲ ನಡುಗುತ್ತದೆ, ಬೆರಳಿಗೆ ತಿಳಿಯಬೇಕಾದದ್ದು ತಿಳಿಯುವುದಿಲ್ಲ. ಹಾಗಾಗಿ ಕೊನೆಯ ಹಂತದ ಉಜ್ಜುವ ಕೆಲಸವೆಲ್ಲ ಲಾಂಡ್ರಿಯ ಬಾಗಿಲು ತೆಗೆಯುವುದರೊಳಗೆ ಮುಗಿಯಬೇಕು. "ಒಂದ್ಸಲ ಹೋಗಿ ಲಾಂಡ್ರಿ ಯಜಮಾನ್ರನ್ನ ಕೇಳ್ಕೊಂಡೆ, ಸ್ವಲ್ಪ ತಡವಾಗಿ ಶುರು ಮಾಡಿ ಅಂತ. ಅಲ್ಲಮ್ಮಾ, ನಿಮ್ಮ ಗೋಡೆ ಏಳು ಸಾವಿರ ವರ್ಷ ಕಾದಿದೆ ಅಂತೀರಿ, ಇನ್ನೊಂದು ದಿನ ಕಾಯಲ್ವಾ, ಆಸ್ಪತ್ರೆ ಬೆಡ್‌ಶೀಟು ಕಾಯಲ್ಲ ಅಂದ್ರು. ಅದೂ ಸರೀನೇ ಅಲ್ವಾ?"

ಹಳೆಯ ಕಾಲದ ಮನೆಗಳ ಮಣ್ಣು ಪರೀಕ್ಷಿಸುವ ಪ್ರಯೋಗಾಲಯ ಇದು. ಇಡೀ ಕಟ್ಟಡದಲ್ಲಿ ಇವರನ್ನು ಎಲ್ಲರೂ ಉಜ್ಜಕ್ಕ ಎಂದೇ ಕರೆಯುತ್ತಾರೆ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆ. "ಆ ಹೆಸರಲ್ಲಿ ಕೂಗಿದ್ರೆ ನಾನೇ ತಿರುಗಿ ನೋಡಲ್ಲ" ಎಂದು ನಗುತ್ತಾರೆ.

ಕೆಲಸ ಕೇಳಲು ಸರಳ. ಬರವಣಿಗೆ ಎಂಬುದೇ ಹುಟ್ಟದ ಕಾಲದಲ್ಲಿ ಜನ ಮಣ್ಣಿನ ಇಟ್ಟಿಗೆಯಲ್ಲಿ ಮನೆ ಕಟ್ಟಿ, ಗೋಡೆಗೆ ಮಣ್ಣಿನ ಗಿಲಾವು ಮಾಡಿ, ಮೇಲೆ ಬಿಳಿಮಣ್ಣೋ ಸುಣ್ಣವೋ ಬಳಿಯುತ್ತಿದ್ದರು. ಹೊಗೆ ಹಿಡಿದು ಕಪ್ಪಾದರೆ ಅದರ ಮೇಲೆ ಇನ್ನೊಂದು ಸಲ ಬಳಿಯುತ್ತಿದ್ದರು. ಹೀಗೆ ಬಳಿದದ್ದರ ಮೇಲೆ ಬಳಿದು, ಉಗುರಿನಷ್ಟೂ ದಪ್ಪವಿಲ್ಲದ ಪದರಗಳು ಒಂದರ ಮೇಲೊಂದು ಕೂತು ಗಟ್ಟಿಯಾಗಿವೆ. ನೆಲ ಅಗೆಯುವವರು ಅಂಥ ಗಿಲಾವಿನ ಹೆಂಟೆಯನ್ನು ಗೋಡೆಯಿಂದ ಎಬ್ಬಿಸಿ, ಮುರಿದ ಕೈಗೆ ಆಸ್ಪತ್ರೆಯಲ್ಲಿ ಹಾಕುತ್ತಾರಲ್ಲ, ಅದೇ ಬ್ಯಾಂಡೇಜು ಸುತ್ತಿ ಇಲ್ಲಿಗೆ ಕಳಿಸುತ್ತಾರೆ.

ಉಜ್ಜಕ್ಕ ಅದನ್ನು ಬ್ಯಾಂಡೇಜಿನ ಸಮೇತ ರೆಸಿನ್ ಎಂಬ ಅಂಟಿನಲ್ಲಿ ನೆನೆಸುತ್ತಾರೆ. ಅಂಟು ಒಳಗೆಲ್ಲ ಇಳಿದು ಕಲ್ಲಾದ ಮೇಲೆ ಬ್ಯಾಂಡೇಜು ಕತ್ತರಿಸಿ ತೆಗೆದು, ಗರಗಸದಲ್ಲಿ ಬಿಲ್ಲೆ ಕೊಯ್ದು, ಬಿಲ್ಲೆಯನ್ನು ಗಾಜಿನ ಪಟ್ಟಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳುವಾಗುವವರೆಗೆ ಉಜ್ಜುತ್ತಾರೆ. ಅಂದರೆ ಕೂದಲೆಳೆಯ ಮೂರನೇ ಒಂದು ಪಾಲು. ನೀರು ಸೋಕಿಸುವಂತಿಲ್ಲ, ಮಣ್ಣು ಉಬ್ಬಿಬಿಡುತ್ತದೆ. ಆದ್ದರಿಂದ ಎಲ್ಲಕ್ಕೂ ಎಣ್ಣೆ. ಕೋಣೆಯೂ, ಏಪ್ರನ್ನೂ, ಕೊನೆಗೆ ಅವರ ಊಟದ ಡಬ್ಬಿಯೂ ಅದೇ ವಾಸನೆ.

ಕೈ ನಿಂತಿತು. ಪಟ್ಟಿಯನ್ನು ಒರೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನನ್ನನ್ನು ಕರೆಯುತ್ತಾರೆ. ಗಿಲಾವಿನಲ್ಲಿ ಮರಳಿನ ಕಣ ಇದ್ದೇ ಇರುತ್ತದೆ. ಆ ಕಣ ಹಳದಿಯಾಗಿ ಕಂಡರೆ ಪಟ್ಟಿ ಇನ್ನೂ ದಪ್ಪ, ಬೂದು-ಬಿಳಿಗೆ ತಿರುಗಿದರೆ ಸಾಕು. ಅದರಾಚೆಗೆ ನಾಲ್ಕು ಸುತ್ತು ಹೆಚ್ಚು ಉಜ್ಜಿದರೆ ಗಾಜಿನ ಮೇಲೆ ಏನೂ ಉಳಿಯುವುದಿಲ್ಲ. ವಾರಕ್ಕೆ ಏಳೆಂಟು ಪಟ್ಟಿ ಆಗುತ್ತದಂತೆ. ಹದಿನೆಂಟು ವರ್ಷಕ್ಕೆ ಎಷ್ಟಾಯಿತು ಎಂದು ಕೇಳಿದರೆ, "ಆರೇಳು ಸಾವಿರ ಆಗಿರ್ಬೋದು, ಯಾರು ಎಣಿಸ್ತಾರೆ. ಮೊದಲ ವರ್ಷ ಎಷ್ಟು ಹಾಳು ಮಾಡ್ದೆ ಅಂತ ಮಾತ್ರ ಕೇಳ್ಬೇಡಿ" ಎನ್ನುತ್ತಾರೆ.

ಇದಕ್ಕೂ ಮೊದಲು ಅವರು ಕನ್ನಡಕದ ಗಾಜು ಉಜ್ಜುತ್ತಿದ್ದರು. ಅಪ್ಪನದು ಪೇಟೆಯ ಸಂದಿಯಲ್ಲಿ ಒಂದು ಬಾಗಿಲಿನ ಕನ್ನಡಕದ ಅಂಗಡಿ. ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಕೆಲಸ ಕಲಿತರು. ಕಾರ್ಖಾನೆಯಿಂದ ಸಿದ್ಧ ಗಾಜು ಬರತೊಡಗಿ ಅಂಗಡಿ ಮುಚ್ಚಿತು. ಆಗ ಈ ಪ್ರಯೋಗಾಲಯದಲ್ಲಿ ಗುಡಿಸುವ ಕೆಲಸಕ್ಕೆ ಸೇರಿದವರು, ಒಂದು ದಿನ ಯಾರೋ ಪಟ್ಟಿ ಉಜ್ಜುತ್ತಿರುವುದನ್ನು ಕಂಡು, ನಾನೂ ಒಂದು ನೋಡ್ಲಾ ಎಂದು ಕೇಳಿದರು. "ಅವತ್ತು ಹಾಳಾಯ್ತು. ಆದ್ರೂ ಇನ್ನೊಂದು ಕೊಟ್ರು. ಅವರ ಹೊಟ್ಟೆ ತಣ್ಣಗಿರ್ಲಿ."

ಮನೆ ಎರಡು ಬೀದಿ ಆಚೆ, ಎರಡು ಕೋಣೆ ಮತ್ತು ಒಂದು ಅಡಿಗೆಮನೆ. ಗಂಡ ಬಣ್ಣ ಬಳಿಯುವವರು. ಊರಿನ ಅರ್ಧಕ್ಕರ್ಧ ಮನೆಗಳ ಗೋಡೆ ಅವರ ಕೈಯಲ್ಲಿ ಹಾದುಹೋಗಿದೆ. ಸ್ವಂತ ಮನೆಯ ಗೋಡೆ ಮಾತ್ರ ಯಾವಾಗ ಬಣ್ಣ ಕಂಡಿತ್ತೋ ಅವರಿಗೇ ನೆನಪಿಲ್ಲ. ಒಲೆಯ ಮೇಲಿನ ಗೋಡೆಯಂತೂ ಕಪ್ಪಗೆ ಮಿರುಗುತ್ತದೆ. ಜೊತೆಗಿರುವ ಅತ್ತೆ, ಎಂಬತ್ತರ ಹತ್ತಿರದವರು, ನಾನು ಕೂರುವ ಮೊದಲೇ ದೂರು ಒಪ್ಪಿಸುತ್ತಾರೆ. "ನೋಡಪ್ಪಾ, ಮಗ ದಿನವಿಡೀ ಗೋಡೆ ಬಳಿತಾನೆ, ಸೊಸೆ ದಿನವಿಡೀ ಗೋಡೆ ತಿಕ್ತಾಳೆ. ನನ್ನ ಗೋಡೆ ಕೇಳೋರಿಲ್ಲ. ಬರೀತೀಯಲ್ಲ, ಇದನ್ನ ಮೊದಲು ಬರಿ." ಮೊದಲು ಬರೆಯಲಾಗಲಿಲ್ಲ, ಅಜ್ಜಿ ಕ್ಷಮಿಸಬೇಕು.

ಈಗ ಉಜ್ಜಕ್ಕ ಮಾಡಿದ ತಪ್ಪಿನ ವಿಷಯಕ್ಕೆ ಬರಬೇಕು. ಅದನ್ನು ನಾನು ಕೆದಕಿದ್ದಲ್ಲ. "ಬರೆಯೋದಾದ್ರೆ ಅದನ್ನೂ ಬರೀರಿ. ಇಲ್ದಿದ್ರೆ ಬರೆಯೋದೇ ಬೇಡ" ಎಂದು ಅವರೇ ಷರತ್ತು ಹಾಕಿದ್ದು.

ಗಿಲಾವಿನ ಹೆಂಟೆಗೆ ಎರಡು ಮುಖ. ಒಂದು ಕೋಣೆಯೊಳಗೆ ಜನ ನೋಡುತ್ತಿದ್ದ ಮುಖ, ಇನ್ನೊಂದು ಇಟ್ಟಿಗೆಗೆ ಅಂಟಿಕೊಂಡಿದ್ದ ಮುಖ. ಉಜ್ಜಕ್ಕನ ಮಾತಿನಲ್ಲಿ ಒಂದು ಮನೆ ಕಡೆ, ಇನ್ನೊಂದು ಗೋಡೆ ಕಡೆ. ಅಗೆಯುವವರು ಬ್ಯಾಂಡೇಜಿನ ಮೇಲೆ ಶಾಯಿಯಲ್ಲಿ ಬಾಣ ಬರೆದು ಕಳಿಸುತ್ತಾರೆ, ಬಾಣದ ಮೊನೆ ಮನೆ ಕಡೆಗೆ. ಬ್ಯಾಂಡೇಜು ಕತ್ತರಿಸಿದ ಕೂಡಲೇ, ಅದನ್ನು ಕೈಯಿಂದ ಕೆಳಗಿಡುವ ಮೊದಲೇ, ಕಲ್ಲಾದ ಹೆಂಟೆಯ ಮೇಲೆ ಉಕ್ಕಿನ ಸೂಜಿಯಿಂದ ಅದೇ ಬಾಣವನ್ನು ಗೀಚಬೇಕು. ಬಾಣ ತಪ್ಪಿದರೆ ಯಾವ ಪದರ ಮೊದಲು, ಯಾವುದು ಕೊನೆ ಎಂಬುದೇ ಗೊತ್ತಾಗುವುದಿಲ್ಲ.

ಎರಡು ವರ್ಷದ ಹಿಂದೆ ಒಂದು ಹೆಂಟೆ ಬಂತು. ಅದು ಇದ್ದ ಗೋಡೆ ಆಗಲೇ ಪ್ರವಾಹದಲ್ಲಿ ಕರಗಿಹೋಗಿತ್ತು. ಆ ಮನೆಯದೆಂದು ಉಳಿದದ್ದು ಅದೊಂದೇ. ಹಿಂದಿನ ಇಟ್ಟಿಗೆ ಉದುರಿತ್ತು, ಮುಂದಿನ ಮೈ ಸವೆದಿತ್ತು, ನೋಡಲು ಎರಡೂ ಕಡೆ ಒಂದೇ ಥರ. ಒಳಗಿನ ಪದರಗಳು ಮಾತ್ರ ಒಂದೇ ಥರ ಇರಲಿಲ್ಲ. ಒಂದು ಬದಿಗೆ ಬೆಣ್ಣೆಯಂತೆ ನಯವಾದ ಬಿಳಿ ಬಳಿತಗಳು, ಇನ್ನೊಂದು ಬದಿಗೆ ಹೊಟ್ಟು, ಕಲ್ಲುಹರಳು ಬೆರೆತ ಒರಟು ಮಣ್ಣು. ಆ ಮನೆ ಬರಬರುತ್ತ ಚೆನ್ನಾಯಿತೋ, ಬರಬರುತ್ತ ಹಾಳಾಯಿತೋ? ಉತ್ತರ ಇದ್ದದ್ದು ಬಾಣದಲ್ಲಿ.

ಉಜ್ಜಕ್ಕ ಬ್ಯಾಂಡೇಜು ಕತ್ತರಿಸಿದ್ದರು. ಸೂಜಿಗೆ ಕೈ ಚಾಚುವಷ್ಟರಲ್ಲಿ ಫೋನು ಬಂತು. ಗಂಡ ಏಣಿಯಿಂದ ಬಿದ್ದಿದ್ದಾರೆ, ಆಸ್ಪತ್ರೆಗೆ ಬನ್ನಿ. "ಏಪ್ರನ್ ಬಿಚ್ಚಿದ್ದೂ ನೆನಪಿಲ್ಲ, ಓಡಿದೆ. ದಾರಿ ಉದ್ದಕ್ಕೂ ಒಂದೇ ಯೋಚ್ನೆ, ತಲೆಗೆ ಏಟಾಗಿದ್ಯಾ, ಉಸಿರಾಡ್ತಿದ್ದಾರಾ. ಹೋಗಿ ನೋಡಿದ್ರೆ ಬೆಂಚಿನ ಮೇಲೆ ಕೂತು ಚಹಾ ಕುಡೀತಿದ್ದಾರೆ. ಎಡಗೈ ಮಣಿಕಟ್ಟು ಮುರಿದಿತ್ತು ಅಷ್ಟೇ. ಅಲ್ಲೇ ಕೂತು ಅತ್ತುಬಿಟ್ಟೆ. ಸಿಟ್ಟೋ ಸಮಾಧಾನವೋ ಗೊತ್ತಾಗ್ಲಿಲ್ಲ."

ಮರುದಿನ ಬಂದು ನೋಡುತ್ತಾರೆ, ಮೇಜು ಸ್ವಚ್ಛವಾಗಿದೆ. ಗುಡಿಸುವವರು ಬ್ಯಾಂಡೇಜಿನ ಚೂರುಗಳನ್ನೆಲ್ಲ ಬಳಿದು ಕಸಕ್ಕೆ ಹಾಕಿದ್ದಾರೆ, ಕಸದ ಲಾರಿ ಬಂದು ಹೋಗಿದೆ. ಹೆಂಟೆ ಮಾತ್ರ ಮೇಜಿನ ಮಧ್ಯೆ ಕೂತಿದೆ, ಗುರುತಿಲ್ಲದೆ.

ಮುಂದಿನದನ್ನು ಅವರು ಹೇಳಿದ ಹಾಗೆಯೇ ಕೊಡುತ್ತೇನೆ. "ಸೂಜಿ ಕೈಗೆ ತಗೊಂಡೆ. ಯಾರೂ ಇರ್ಲಿಲ್ಲ. ನಯವಾಗಿರೋದೇ ಮನೆ ಕಡೆ ಅಂತ ನನ್ನ ಮನಸ್ಸು ಹೇಳ್ತಿತ್ತು. ಯಾರಾದ್ರೂ ಬರ್ತಾ ಬರ್ತಾ ಚೆನ್ನಾಗೇ ಮಾಡ್ಕೋತಾರಲ್ವಾ ಮನೆನ? ಒಂದು ಗೀಟು ಎಳೆದಿದ್ರೆ ಮುಗೀತಿತ್ತು, ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಸೂಜಿ ಇಟ್ಟೆ. ಒತ್ತೋಕೆ ಕೈ ಬರ್ಲಿಲ್ಲ. ಮೇಲೆ ಹೋಗಿ ಮೇಡಂಗೆ ಹೇಳ್ಬಿಟ್ಟೆ."

ಮೇಡಂ ಎಂದರೆ ಮೇಲಿನ ಮಹಡಿಯ ಸಂಶೋಧಕಿ, ಉಜ್ಜಕ್ಕನಿಗಿಂತ ಹದಿನೈದು ವರ್ಷ ಚಿಕ್ಕವರು. ಈ ಹೆಂಟೆಯನ್ನು ಕೆಸರಿನಲ್ಲಿ ನಿಂತು ಕೈಯಾರೆ ಎಬ್ಬಿಸಿ ತಂದಿದ್ದವರು. ಅವರು ಕೂಗಾಡಲಿಲ್ಲ. "ಕೂಗಾಡಿದ್ರೇ ಚೆನ್ನಾಗಿತ್ತು. ಆಯ್ತು ಹೋಗಿ ಅಂದ್ರು. ಆಮೇಲೆ ಒಂದು ವಾರ ನನ್ನ ಕಡೆ ನೋಡ್ಲಿಲ್ಲ. ಕೆಲ್ಸ ಬಿಡಿಸ್ತಾರೆ ಅಂದ್ಕೊಂಡೆ."

ಮೇಡಂ ಅವರನ್ನೇ ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. "ಸಿಟ್ಟಿತ್ತು, ಬಹಳ ಸಿಟ್ಟಿತ್ತು. ಆದ್ರೆ ಅಕ್ಕ ಬಂದು ಹೇಳ್ದೇ ಇದ್ದಿದ್ರೆ ನಾನು ತಪ್ಪು ಬಾಣ ನಂಬ್ಕೊಂಡು ಒಂದು ಪ್ರಬಂಧ ಬರೀತಿದ್ದೆ. ಅದು ತಲೆಗೆ ಹೋಗೋಕೆ ಒಂದು ವಾರ ಬೇಕಾಯ್ತು." ಅಗೆದಾಗ ತೆಗೆದಿದ್ದ ಫೋಟೋಗಳನ್ನೆಲ್ಲ ತಡಕಿದರು. ಎಲ್ಲ ಕೆಸರಿನ ಬಣ್ಣ, ಪದರ ಕಾಣಿಸುವುದಿಲ್ಲ. ಬಾಣ ಯಾವ ಕಡೆಗೆ ಬರೆದೆ ಎಂದು ಅವರಿಗೂ ನೆನಪಿರಲಿಲ್ಲ.

ಆಮೇಲೆ ಅವರಿಗೆ ಹೊಳೆದದ್ದು ಮಸಿ. ಹೊಗೆ ಬರುವುದು ಕೋಣೆಯಿಂದ, ಗೋಡೆಯೊಳಗಿಂದಲ್ಲ. ಬಳಿದ ಪದರ ಒಣಗಿದ ಮೇಲೆ ಅದರ ಮೈಮೇಲೆ ಮಸಿ ಕೂರುತ್ತದೆ. ಅದರ ಮೇಲೆ ಮತ್ತೆ ಹಸಿ ಮಣ್ಣು ಬಳಿದಾಗ ಮಸಿ ಸ್ವಲ್ಪ ಎದ್ದು ಹೊಸ ಬಳಿತಕ್ಕೆ ಕಲೆಸಿಕೊಳ್ಳಬೇಕು. ಹಾಗಾದರೆ ಮಸಿಯ ಗೆರೆಯ ಒಂದು ಅಂಚು ಚೊಕ್ಕಟವಾಗಿ, ಇನ್ನೊಂದು ಅಂಚು ಕದಡಿರಬೇಕು. ಕದಡಿದ ಅಂಚು ಯಾವ ಕಡೆಗಿದೆಯೋ ಅದೇ ಮನೆ ಕಡೆ. ಆದರೆ ಇದು ಊಹೆ. ದಿಕ್ಕು ಗೊತ್ತಿರುವ ಗೋಡೆಯೊಂದರಲ್ಲಿ ಮೊದಲು ಪರೀಕ್ಷಿಸಬೇಕು. ಅಂಥ ಗೋಡೆ ಎಲ್ಲಿಂದ ತರುವುದು?

ತಾವೇ ಕಟ್ಟುವುದು. ಕಟ್ಟಡದ ಹಿಂದಿನ ತಗಡಿನ ಮಾಡಿನ ಕೆಳಗೆ ಮಣ್ಣಿನ ಇಟ್ಟಿಗೆಯಲ್ಲಿ ಎದೆಮಟ್ಟದ ಗೋಡೆ ಎದ್ದಿತು. ಬಳಿಯಲು ಬಂದವರು ಉಜ್ಜಕ್ಕನ ಗಂಡ. ಎಡಗೈ ಇನ್ನೂ ಬ್ಯಾಂಡೇಜಿನಲ್ಲಿ, ಕೆಲಸ ಮಾಡಿದ್ದು ಬಲಗೈಯೊಂದೇ. "ಮನೇಲಿ ಕೂತು ಅಮ್ಮನ ಬಾಯಿಗೆ ಬೀಳೋದಕ್ಕಿಂತ ಇದೇ ವಾಸಿ ಅನ್ನಿಸ್ತು" ಎನ್ನುತ್ತಾರೆ. "ಆಮೇಲೆ ಅಪರಾಧ ನಂದೂ ಇತ್ತಲ್ಲ. ನಾನು ಬಿದ್ದಿದ್ದು ಇಷ್ಟೇ ಎತ್ತರದಿಂದ, ತಲೆಕೆಳಗಾಗಿದ್ದು ಏಳು ಸಾವಿರ ವರ್ಷದ ಮನೆ. ಇವಳು ನನ್ನ ಕೈ ಬ್ಯಾಂಡೇಜಿನ ಮೇಲೂ ಒಂದು ಬಾಣ ಬರೆದಿದ್ಲು. ಡಾಕ್ಟ್ರು ಇದೇನ್ರೀ ಅಂತ ಕೇಳಿದ್ರೆ ಏನಂತ ಹೇಳ್ಲಿ?"

ಅವರು ಬಿಳಿಮಣ್ಣು ಬಳಿಯುವುದು, ಒಣಗಿದ ಮೇಲೆ ಬುಡದಲ್ಲಿ ಹಸಿಕಟ್ಟಿಗೆಯ ಹೊಗೆ ಹಾಕುವುದು, ಮತ್ತೆ ಬಳಿಯುವುದು. ತಿಂಗಳುಗಟ್ಟಲೆ ನಡೆಯಿತು. ಲಾಂಡ್ರಿಯವರು ಒಗೆದು ಹರವಿದ ಬಟ್ಟೆಗೆ ಹೊಗೆ ಹಿಡಿಯುತ್ತಿದೆ ಎಂದು ಜಗಳಕ್ಕೆ ಬಂದರು. ನಡುವೆ ಗಂಡ ಒಂದು ತಕರಾರು ತೆಗೆದರು. "ಬಳಿಯೋ ಮುಂಚೆ ನಾವು ಮಸಿ ಒರೆಸ್ಕೋತೀವಿ ಮೇಡಂ. ಆಗಿನವರು ಒರೆಸ್ಕೊಂಡಿರಲ್ವಾ?" ಮೇಡಂ ಒಪ್ಪಿ, ಅರ್ಧ ಗೋಡೆಗೆ ಒರೆಸಿ ಬಳಿಸಿದರು, ಅರ್ಧಕ್ಕೆ ಒರೆಸದೆ.

ಆ ಗೋಡೆಯಿಂದ ತೆಗೆದ ಹೆಂಟೆಗಳಿಗೆ ಉಜ್ಜಕ್ಕ ಒಂದಲ್ಲ, ನಾಲ್ಕೂ ಬದಿಗೆ ಬಾಣ ಗೀಚಿದರು. ಪಟ್ಟಿ ಮಾಡಿ ನೋಡಿದರೆ ಒರೆಸಿದ ಕಡೆ ಮಸಿ ಕಮ್ಮಿ, ಒರೆಸದ ಕಡೆ ಜಾಸ್ತಿ. ಎರಡರಲ್ಲೂ ಕದಡಿದ ಅಂಚು ಮನೆ ಕಡೆಗೇ ಇತ್ತು. ಮೇಡಂ ಅಷ್ಟಕ್ಕೇ ನಂಬಲಿಲ್ಲ. ಪಟ್ಟಿಗಳ ಗುರುತು ಮುಚ್ಚಿ, ಕಲೆಸಿ, ಒಂದೊಂದಾಗಿ ನೋಡಿ ದಿಕ್ಕು ಹೇಳಿದರು. ಆಮೇಲೆ ಗುರುತು ಬಿಚ್ಚಿ ತಾಳೆ ನೋಡಿದರು. ಒಂದೂ ತಪ್ಪಿರಲಿಲ್ಲ.

ಅಷ್ಟಾದ ಮೇಲೆಯೇ ಆ ಹಳೆಯ ಹೆಂಟೆಯ ಸರದಿ. ಒಂದು ಬೆಳಗ್ಗೆ ಮೂವರೂ ಈ ಕೋಣೆಯಲ್ಲಿ ಸೇರಿದರು. ಉಜ್ಜಕ್ಕ ಉಜ್ಜಿ ಕೊಟ್ಟರು, ಮೇಡಂ ನೋಡಿದರು. ಬಹಳ ಹೊತ್ತು ನೋಡಿದರು. ಕದಡಿದ ಅಂಚು ಒರಟು ಮಣ್ಣಿನ ಕಡೆಗಿತ್ತು, ಒಂದೆರಡು ಗೆರೆಯಲ್ಲಲ್ಲ, ಅಷ್ಟೂ ಗೆರೆಗಳಲ್ಲಿ. ಅಂದರೆ ಮೊದಲು ನಯ, ಕೊನೆಗೆ ಒರಟು. ಉಜ್ಜಕ್ಕ ಅಂದು ಗೀಚಲು ಹೊರಟಿದ್ದ ಬಾಣ ಉಲ್ಟಾ ಆಗುತ್ತಿತ್ತು.

"ಸದ್ಯ, ಅವತ್ತು ಗೀಚ್ಲಿಲ್ಲ ಅನ್ನಿಸ್ತು. ಆಮೇಲೆ ಬೇಜಾರಾಯ್ತು, ನಿಜ ಹೇಳ್ತೀನಿ. ಅಷ್ಟು ಚೆಂದ ಬಳ್ಕೊಂಡಿದ್ದ ಜನ, ಕೊನೆಕೊನೆಗೆ ಮಣ್ಣು ಸೋಸೋಕೂ ಆಗದೆ, ಹೆಂಟೆ ಹೆಂಟೆಯಾಗಿ ಮೆತ್ತಿದ್ದಾರೆ. ಏನು ಕಷ್ಟ ಬಂದಿತ್ತೋ." ಮೇಡಂ ತಕ್ಷಣ ತಡೆದರಂತೆ. ಕಷ್ಟ ಎಂದು ಬರೆಯಲಾಗುವುದಿಲ್ಲ, ಬಿಳಿಮಣ್ಣಿನ ಗುಂಡಿ ಬರಿದಾಗಿರಬಹುದು, ಮನೆಗೆ ಬೇರೆಯವರು ಬಂದಿರಬಹುದು, ಆ ಕೋಣೆಯನ್ನು ಉಗ್ರಾಣ ಮಾಡಿಕೊಂಡಿರಬಹುದು. ಗೊತ್ತಿರುವುದು ಪದರದ ಕ್ರಮ, ಅಷ್ಟೇ. ಗಂಡ ಮಾತ್ರ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಹೇಳಿದರಂತೆ, "ಆದ್ರೂ ಬಿಟ್ಟಿಲ್ಲ ನೋಡಿ. ಒರಟೋ ಗಿರಟೋ, ಬಳ್ದಿದ್ದಾರೆ."

ಅದೇ ವಾರ ಅತ್ತೆಯ ಒಲೆಯ ಗೋಡೆಗೆ ಸುಣ್ಣ ಕಾಣಿಸಬಹುದಿತ್ತು. ಕಾಣಿಸಲಿಲ್ಲ. ನಾನು ಕಣ್ಣಾರೆ ನೋಡಿಬಂದಿದ್ದೇನೆ.

ಇಷ್ಟಾದರೂ ಒಂದು ಮಾತ್ರ ಮೊದಲಿನಂತೆ ಆಗಿರಲಿಲ್ಲ. ಆ ಘಟನೆಯ ನಂತರ ಬ್ಯಾಂಡೇಜು ಕತ್ತರಿಸುವಾಗಲೆಲ್ಲ ಮೇಡಂ ಕೆಳಗಿಳಿದು ಬಂದು ಉಜ್ಜಕ್ಕನ ಪಕ್ಕದಲ್ಲಿ ನಿಲ್ಲುತ್ತಿದ್ದರು. ಬಾಣ ಗೀಚುವವರೆಗೆ ನಿಂತು ಹೋಗುತ್ತಿದ್ದರು. "ಅವರು ನಿಲ್ಲೋದು ನ್ಯಾಯವೇ" ಎನ್ನುತ್ತಾರೆ ಉಜ್ಜಕ್ಕ. "ಆದ್ರೆ ಬೆನ್ನಿಗೆ ಗೊತ್ತಾಗುತ್ತಲ್ಲ, ಯಾರೋ ನಿಂತಿದ್ದಾರೆ ಅಂತ" ಎಂದು ಸೇರಿಸುತ್ತಾರೆ.

ನಾವು ಹೀಗೆ ಮಾತಾಡುತ್ತಿರುವಾಗಲೇ ಬೀದಿ ಎದ್ದಿದೆ. ಲಾಂಡ್ರಿಯ ಯಂತ್ರ ಶುರುವಾಗಿ ನನ್ನ ಸ್ಟೂಲು ಕುಣಿಯುತ್ತಿದೆ. ಇನ್ನು ಉಜ್ಜುವ ಕೆಲಸವಿಲ್ಲ, ಬಿಚ್ಚುವ ಕೆಲಸ. ಹೊಸ ಹೆಂಟೆಯೊಂದು ಅಂಟು ಕುಡಿದು ಕಲ್ಲಾಗಿ ಮೇಜಿನ ಮೇಲೆ ಕೂತಿದೆ, ಬ್ಯಾಂಡೇಜಿನ ಮೇಲೆ ನೀಲಿ ಶಾಯಿಯ ಬಾಣ. ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಗಿ ಮೇಡಂ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಾರೆ. ನನ್ನನ್ನು ನೋಡುತ್ತಾರೆ, ಹೆಂಟೆಯನ್ನು ನೋಡುತ್ತಾರೆ. "ಅಕ್ಕ, ನೀವೇ ಬಿಚ್ಚಿಡಿ. ನನಗೆ ಮೇಲೆ ಸ್ವಲ್ಪ ಕೆಲ್ಸ ಇದೆ" ಎನ್ನುತ್ತಾರೆ. ಅಷ್ಟೇ ಹೇಳಿ ಹತ್ತಿ ಹೋಗುತ್ತಾರೆ.

ಉಜ್ಜಕ್ಕ ಕನ್ನಡಕ ಒರೆಸಿಕೊಳ್ಳುತ್ತಾರೆ, ಎರಡು ಸಲ. ಆಮೇಲೆ ಸಣ್ಣ ಗರಗಸ ಹಿಡಿದು ಬ್ಯಾಂಡೇಜಿಗೆ ಕೈಹಾಕುತ್ತಾರೆ.

ಬ್ಯಾಂಡೇಜು ಬಿಟ್ಟುಕೊಳ್ಳುವ ಹೊತ್ತಿಗೆ ಸರಿಯಾಗಿ ಏಪ್ರನ್ನಿನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತದೆ. ನಾನು ಬೆಚ್ಚಿ ಅವರ ಮುಖ ನೋಡುತ್ತೇನೆ. ಅವರ ಮುಖದ ಬಣ್ಣ ಇಳಿದಿದೆ. ಆದರೂ ಎಡಗೈ ಬ್ಯಾಂಡೇಜನ್ನು ಬಿಡುವುದಿಲ್ಲ. ಬಲಗೈ ಸೂಜಿ ತೆಗೆದುಕೊಳ್ಳುತ್ತದೆ. ಒಂದು ಗೀಟು, ತುದಿಗೆ ಎರಡು ಚಿಕ್ಕ ಗೀಟು. ಶಾಯಿಯ ಬಾಣದ ಪಕ್ಕ ಹಿಡಿದು ತಾಳೆ ನೋಡಿ, ಆಮೇಲೆ ಬ್ಯಾಂಡೇಜು ಕೆಳಗಿಟ್ಟು ಫೋನು ಕಿವಿಗಿಡುತ್ತಾರೆ.

"ಏಣಿ ಮೇಲಿಲ್ಲ ತಾನೆ?"

ಆ ಕಡೆಯಿಂದ ಏನೋ ಉತ್ತರ. ಉಜ್ಜಕ್ಕನ ಹೆಗಲು ಇಳಿಯುತ್ತದೆ. "ಬೀಗದ ಕೈ ಬಾಗಿಲ ಹಿಂದೆ ಮೊಳೇಲಿ ಇದೆ ರೀ. ದಿನಾ ಅಲ್ಲೇ ಇರುತ್ತೆ. ಸರಿಯಾಗಿ ನೋಡಿ."

ಫೋನು ಜೇಬಿಗೆ ಸೇರುತ್ತದೆ. "ನೋಡಿದ್ರಾ ಎಷ್ಟು ಹೊತ್ತು ಹಿಡೀತು? ಅವತ್ತೂ ಇಷ್ಟೇ ಹೊತ್ತು ಸಾಕಿತ್ತು" ಎನ್ನುತ್ತಾರೆ, ನನಗಿಂತ ಹೆಚ್ಚಾಗಿ ತಮಗೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ, ಇಂಥ ಲೇಖನಗಳ ಕೊನೆಗೆ ಕೇಳಲೇಬೇಕಾದ ಪ್ರಶ್ನೆ. ಅವರು ಹೆಂಟೆಯ ಮೇಲಿನ ಪುಡಿಯನ್ನು ಬಾಯಿಂದ ಊದಿ, ಎರಡೂ ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಹೊಸ ಬಾಣ ಬೆಳ್ಳಗೆ ಕಾಣುತ್ತಿದೆ.

"ಇಲ್ಲಿ ನೋಡಿ" ಎನ್ನುತ್ತಾರೆ. "ಈ ಕಡೆ ಮನೆ."